ಮಾದೇವಮ್ಮನ ತರ್ಜುಮೆ

ತಮಿಳುನಾಡಿನ ಗಡಿಗಂಟಿದ ಹೂಗ್ಯಂನ ಮಾದೇವಮ್ಮ ಅಪ್ಪನೊಡನೆ ಕನ್ನಡ, ಅವ್ವನೊಡನೆ ತಮಿಳು ಆಡಿಕೊಂಡು ಬೆಳೆದವಳು. ಕೊಳ್ಳೇಗಾಲದ ಮುಖಂಡ ಶಿವಶಂಕರ ಗಡಿ ಊರುಗಳಿಗೆ ಓಟು ಕೇಳಲು ಬಂದಾಗಲೆಲ್ಲ ಅವಳೇ ಪಕ್ಕದಲ್ಲಿ ನಿಂತು ಅವನ ಭಾಷಣವನ್ನು ತಮಿಳಿನಲ್ಲಿ ಹೇಳುತ್ತಿದ್ದಳು. ಹದಿನೈದು ವರ್ಷ ಹಾಗೇ ನಡೆಯಿತು. "ಈ ನಾಡಲ್ಲಿ ಯಾವ ಭಾಷೆಯವರೂ ಹೊರಗಿನವರಲ್ಲ" ಎಂದು ಅವನು ಹೇಳಿದರೆ ಅವಳ ದನಿ ಅವನದಕ್ಕಿಂತ ಜೋರಾಗುತ್ತಿತ್ತು. ಆ ಮಾತನ್ನು ಅವಳು ನಂಬಿದ್ದಳು.

ಕಾವೇರಿ ನೀರಿನ ಗಲಾಟೆ ಎದ್ದು ಕೊಳ್ಳೇಗಾಲ ಬಂದ್ ಆಯಿತು. ಅಲ್ಲಿ ಅವಳ ತಮ್ಮ ಚೌಡೇಶನದೊಂದು ಇಡ್ಲಿ ಗಾಡಿ. ಗಿರಾಕಿಯ ಜೊತೆ ತಮಿಳಾಡಿದನೆಂದು ಮೆರವಣಿಗೆಯವರು ಗಾಡಿ ಮಗುಚಿದರು. ಕುದಿಯುವ ಸಾಂಬಾರು ಅವನ ಕಾಲ ಮೇಲೆ ಸುರಿಯಿತು. ಅದಕ್ಕೆ ತುಸು ಮುಂಚೆ, "ನಮ್ಮ ಅನ್ನ ತಿಂದು ಅವರ ಭಾಷೆ ಆಡೋರನ್ನ ಗಡಿ ದಾಟಿಸಿ" ಎಂದು ವೇದಿಕೆಯಲ್ಲಿ ಅಬ್ಬರಿಸಿದ್ದವನು ಶಿವಶಂಕರನೇ.

ಮೂರನೆಯ ದಿನ ಮಾದೇವಮ್ಮ ಅವನ ಮನೆಗೆ ಹೋದಳು. ಗಡಿಯಾಚೆಯ ಮುಖಂಡನೊಬ್ಬ ಸೋಫಾದಲ್ಲಿ ಕಾಫಿ ಕುಡಿಯುತ್ತಿದ್ದ. ಅವನೂ ಅಲ್ಲಿ ಕನ್ನಡದವರ ಮೇಲೆ ಕೆಂಡ ಕಾರಿದವನೇ. ಇಬ್ಬರೂ ಕಲ್ಲುಕ್ವಾರಿಯಲ್ಲಿ ಪಾಲುದಾರರು. ಶಿವಶಂಕರ ನಗುನಗುತ್ತ ಅಚ್ಚ ತಮಿಳಿನಲ್ಲಿ ಹರಟುತ್ತಿದ್ದ.

"ನಿಮ್ಗೆ ತಮಿಳು ಬತ್ತದಾ ಸಾ? ಮತ್ತೆ ಇಷ್ಟು ವರ್ಸ ನಾನ್ಯಾಕೆ...?"

"ಮೈಕಲ್ಲಿ ನಾನೇ ತಮಿಳು ಆಡಿದ್ರೆ ಇಲ್ಲಿ ಓಟು ಬೀಳ್ತದಾ ಮಾದೇವಮ್ಮ? ನಿನ್ನ ತಮ್ಮನ ಕಾಲು ಡಾಕ್ಟ್ರಿಗೆ ತೋರಿಸೋಣ ಬಿಡು. ಮುಂದಿನ ತಿಂಗಳು ನಿಮ್ಮೂರಲ್ಲಿ ಸಭೆ, ಬಂದ್ಬಿಡು."

ಅವಳು ಸಭೆಗೆ ಹೋದಳು. "ನಾವೆಲ್ಲ ಒಂದೇ" ಎಂದು ಶಿವಶಂಕರ ಕನ್ನಡದಲ್ಲಿ ಶುರುಮಾಡಿದ. ಮಾದೇವಮ್ಮ ಮೈಕು ಹಿಡಿದು, ಅವನು ಕೊಳ್ಳೇಗಾಲದಲ್ಲಿ ಆಡಿದ್ದನ್ನು ಚಾಚೂ ತಪ್ಪದೆ ತಮಿಳಿನಲ್ಲಿ ಹೇಳಿದಳು. ತಮ್ಮನ ಸುಟ್ಟ ಕಾಲು, ಸೋಫಾದ ಮೇಲಿದ್ದ ಪಾಲುದಾರ, ಏನನ್ನೂ ಬಿಡಲಿಲ್ಲ. ಒಂದೊಂದು ಮಾತೂ ಅರ್ಥವಾಗುತ್ತಿದ್ದ ಶಿವಶಂಕರ ಕೈಕಟ್ಟಿ ಮುಗುಳ್ನಗುತ್ತ ನಿಂತಿದ್ದ.

ಊರ ಹಿರಿಯ ಕೆಂಪನಂಜಪ್ಪ ಎದ್ದ. "ಇದೆಲ್ಲ ನಮ್ಗೆ ಗೊತ್ತಿಲ್ವೇನವ್ವ? ರೋಡಿಗೆ ಡಾಂಬರು ಆಕಿಸ್ತೀನಿ ಅಂದವ್ರೆ. ಕೆಳಗಿಳಿ ನೀನು."

ಹಿರಿಯನ ಮಾತಿಗೆ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು.

ಅವಳ ಜಾಗಕ್ಕೆ ಬೇರೊಬ್ಬಳು ಬಂದಳು. ಶಿವಶಂಕರ ಗೆದ್ದ, ಹೂಗ್ಯಂನಲ್ಲೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಓಟು. ಚೌಡೇಶ ಈಗ ಹನೂರಲ್ಲಿ ಗಾಡಿ ಇಟ್ಟಿದ್ದಾನೆ, ಕುಂಟುತ್ತ ಓಡಾಡುತ್ತಾನೆ. ಮಾದೇವಮ್ಮ ಅಲ್ಲೇ ತಟ್ಟೆ ತೊಳೆಯುತ್ತಾಳೆ. ಯಾರಾದರೂ ತಮಿಳಿನಲ್ಲಿ ಇಡ್ಲಿ ಕೇಳಿದರೆ ಚೌಡೇಶ ಅಕ್ಕಪಕ್ಕ ನೋಡಿ, ಎಷ್ಟೆಂದು ಬೆರಳಲ್ಲೇ ಕೇಳುತ್ತಾನೆ.