ಅಣ್ಣಗ ಅಂಜಿ ನುಂಗಿದ ನಶ್ಯ

ದೋಸ್ತರ, ಅಪ್ಪಗ ಅಂಥಾದ್ದೇನೂ ಆಗಿಲ್ಲ. ಇವತ್ತು ತಾಂಡೂರಿನ ಯುನಾನಿ ದವಾಖಾನಿಗೆ ಕರಕೊಂಡು ಹೋಗಿದ್ದೆ. ಭಾಳ ವರ್ಷದಿಂದ ಆತನ ಮೂಗು ಕಟ್ಟತದ, ಹಣಿ ನೋಯ್ತದ, ಉಂಡದ್ದೆಲ್ಲಾ ಹುಳಿ ತೇಗಾಗಿ ಮ್ಯಾಲ ಬರ್ತದ. ದೊಡ್ಡ ರೋಗ ಹೊಕ್ಕದಂತ ಮನಿ ಮಂದಿ ಎಲ್ಲಾ ಹೆದರಿದ್ವಿ. ಕುರಿ ಬಿಟ್ಟು ದೊಡ್ಡಪ್ಪನೂ ಗಾಡಿ ಹತ್ತಿದ್ದ.

ನಿಜಾಮರ ತಸಬೀರಿನ ಕೆಳಗ ಕುಂತಿದ್ದ ಹಕೀಮರು ಅಪ್ಪನ ನಾಡಿ ಹಿಡಿದು ಕೇಳಿದ್ರು, "ನಶ್ಯ ಏರಸ್ತೀರೇನು?"

ಅಪ್ಪ ತನ್ನ ಅಣ್ಣನ ಮಾರಿ ನೋಡಿ, "ಇಲ್ರಿ ಸಾಹೇಬ" ಅಂದ.

ಹಕೀಮರು ದೊಡ್ಡಪ್ಪಗ, "ನೀವು ಜರಾ ಹೊರಗ ಕುಂದರ್ರಿ" ಅಂದ್ರು. ಆತ ಹೊರಗ ಹೋಗೋದೇ ತಡ, ಅಪ್ಪ ಬಾಯಿ ಬಿಟ್ಟ. "ಏರಸ್ತೀನ್ರಿ. ಆದ್ರ ಹಿರೇರ ಮುಂದ ಹೆಂಗ ಏರಸೋದು? ಅಣ್ಣ ಬಂದ್ರ ಕೈಯಾಗಿನ ಚಿಟಿಕಿ ಬಾಯಾಗ ಹಾಕ್ಕೊಂಡು ನುಂಗಿಬಿಡ್ತೀನಿ."

"ಏರಿಸಿದ್ದು ಮೂಗು ಕೆಡಿಸ್ಯದ, ನುಂಗಿದ್ದು ಹೊಟ್ಟಿ ಕೆಡಿಸ್ಯದ. ಎರಡೂ ಬಿಡ್ರಿ. ಕಮ್ಮಿ ಆಗಲಿಲ್ಲಂದ್ರ ಮತ್ತ ಬರ್ರಿ."

ನನಗ ಹೋದ ಜೀವ ಬಂದಂಗಾತು.

ಹೊಳ್ಳಿ ಬರೋವಾಗ ಅಪ್ಪಗ ಗಾಡಿಯಾಗ ನಿದ್ದಿ ಹತ್ತಿತು. ದೊಡ್ಡಪ್ಪಗ ಎಲ್ಲಾ ಹೇಳಿದೆ. ಆತ ಮೆಲ್ಲಗ ಅಂದ, "ನನಗೂ ಹಂಗೇ ಆಗ್ತದಪಾ. ನಾ ಅವ್ವಗ ಅಂಜಿ ನುಂಗ್ತೀನಿ."

ಮನಿಗೆ ಬಂದ್ರ ಅವರವ್ವ, ಅಂದ್ರ ನಮ್ಮ ಆಯಿ, ಅಂಗಳದಾಗ ಕುಂತು ಎಲ್ಲಾರ ಮುಂದ ನಶ್ಯ ಏರಸಾಕತ್ತಿದ್ಲು. ಆಕಿ ಮೂಗೂ ಕಟ್ಟತದ, ಹೊಟ್ಟಿ ಮಾತ್ರ ತಣ್ಣಗದ. ಆಕಿಗಿಂತ ಹಿರೇರು ಮನ್ಯಾಗ ಯಾರೂ ಉಳಿದಿಲ್ಲ.