ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು

ಪುಣೆಯಲ್ಲಿ ನಮ್ಮನ್ನು ಮೊದಲು ಮಾತಾಡಿಸಿದ್ದು ಒಂದು ಹಲಗೆ. ‘ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು. ಒತ್ತಿದರೂ ಬಾಗಿಲು ತೆರೆಯುವುದಿಲ್ಲ’ ಎಂದು ಮರಾಠಿಯಲ್ಲಿ ಬರೆದಿದ್ದನ್ನು ಗಂಡ ಓದಿ ಹೇಳಿದರು. ಹುಬ್ಬಳ್ಳಿಯಿಂದ ಸಾಮಾನು ಹೊತ್ತು ಧನಕವಡಿಯ ಈ ಮನೆ ಮುಟ್ಟಿದಾಗ ಒಂದೂವರೆ. ಮೇಲಿನ ಮಹಡಿಯ ನಮ್ಮ ಬಾಡಿಗೆ ಮನೆಯ ಕೀಲಿ ಆ ಬಾಗಿಲಿನ ಒಳಗಿತ್ತು. ಎರಡೂವರೆ ತಾಸು ಮೆಟ್ಟಿಲ ಮೇಲೆ ಕುಳಿತೆವು. ಸರಿಯಾಗಿ ನಾಲ್ಕಕ್ಕೆ ಮನೆಯೊಡತಿ ಜೋಶಿ ಕಾಕು, ಅಂದರೆ ಜೋಶಿ ಚಿಕ್ಕಮ್ಮ, ಬಾಗಿಲು ತೆರೆದು ಕೀಲಿ ಕೊಟ್ಟರು. ಎಷ್ಟು ಹೊತ್ತಾಯಿತು ಬಂದು ಎಂದು ಕೇಳಲಿಲ್ಲ.

ಇಂಥ ಹಲಗೆಗೆ ಇಲ್ಲಿ ‘ಪಾಟಿ’ ಅನ್ನುತ್ತಾರೆ. ಪುಣೆಯವರು ಎದುರಿಗೆ ನಿಂತು ಜಗಳಾಡುವುದು ಕಡಿಮೆ, ಹೇಳಬೇಕಾದ್ದನ್ನು ಬರೆದು ನೇತುಹಾಕುತ್ತಾರೆ. ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಎರಡಕ್ಕೆ ಪಕ್ಕದ ಮನೆಯವರು ಸೀದಾ ಅಡುಗೆಮನೆಗೆ ಬಂದು ಚಹಾಕ್ಕೆ ಇಡಲು ಹೇಳುತ್ತಿದ್ದರು. ಇಲ್ಲಿ ಆ ಹೊತ್ತಿಗೆ ಅಂಗಡಿಯವನೂ ಅರ್ಧ ಶಟರ್ ಎಳೆದು ಮಲಗುತ್ತಾನೆ. ಮೊದಲ ಆರು ತಿಂಗಳು ಆ ಮೂರು ತಾಸು ನನಗೆ ಮುಗಿಯುತ್ತಲೇ ಇರಲಿಲ್ಲ. ಗಂಡ ತಳೇಗಾಂವದ ಕಾರ್ಖಾನೆಗೆ ಹೋದರೆ ಬರುವುದು ಸಂಜೆ. ಮಾತಾಡಲು ನನಗೆ ಮರಾಠಿ ಬರುತ್ತಿರಲಿಲ್ಲ, ಬಂದಿದ್ದರೂ ಕೇಳುವವರು ನಿದ್ದೆಯಲ್ಲಿರುತ್ತಿದ್ದರು.

ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಡಿಟಿಪಿ ಮಾಡಿದವಳು ನಾನು. ಲಗ್ನಪತ್ರಿಕೆ, ಕರಪತ್ರ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಎಲ್ಲ ಕನ್ನಡದಲ್ಲಿ. ಇಲ್ಲಿ ಆ ಕೆಲಸವನ್ನು ಯಾರೂ ಕೇಳಲಿಲ್ಲ. ಆದರೆ ವಯಸ್ಸಾದ ಹೆಂಗಸರ ಕೈಯಲ್ಲೆಲ್ಲ ಮೊಬೈಲು, ಮನೆಯ ಮೂಲೆಯಲ್ಲಿ ಬಟ್ಟೆ ಹೊದಿಸಿದ ಕಂಪ್ಯೂಟರು ಇದ್ದವು. ಎರಡನ್ನೂ ಜೋಡಿಸಿ ಬಳಸುವುದನ್ನು ಕಲಿಸುತ್ತೇನೆ ಎಂದು ಗಚ್ಚಿಯ, ಅಂದರೆ ತಾರಸಿಯ, ಮೇಲಿನ ಕೋಣೆಯಲ್ಲಿ ವಾರಕ್ಕೆರಡು ದಿನ ಕ್ಲಾಸು ಶುರು ಮಾಡಿದೆ. ನನ್ನ ಮರಾಠಿ ಕೇಳಿ ಅವರು ಮನಸಾರೆ ನಗುತ್ತಿದ್ದರು. ಹಾಗಾಗಿ ನಾನೂ ಊರಿನ ಪದ್ಧತಿಗೆ ಶರಣಾಗಿ ಪಾಠಗಳನ್ನು ಪಾಟಿ ಮಾಡಿ ಗೋಡೆಗೆ ಅಂಟಿಸಿದೆ. ‘ಮೊಬೈಲು, ಕಂಪ್ಯೂಟರು ಎರಡರಲ್ಲೂ ಒಂದೇ ಖಾತೆಯಿಂದ ಒಳಗೆ ಹೋಗಿ. ಎರಡು ಖಾತೆ ಎಂದರೆ ಎರಡು ಮನೆ.’ ‘ಒಂದೇ ಕಡತವನ್ನು ಎರಡೂ ಕಡೆ ತೆರೆದಿಟ್ಟು ತಿದ್ದಬೇಡಿ.’ ‘ಕಡತದ ಹೆಸರಿನಲ್ಲಿ ವಿಷಯವಿರಲಿ. ಹೊಸದು, ಇನ್ನೂ ಹೊಸದು ಎಂದು ಬರೆದವರು ತಾವೇ ಹುಡುಕಿಕೊಳ್ಳಬೇಕು.’ ‘ಪಾಸ್‌ವರ್ಡ್ ಬರೆದ ಚೀಟಿ ಮೊಬೈಲ್ ಕವರಿನಲ್ಲಿ ಇರಬಾರದು.’ ಹೆಂಗಸರಿಗೆ ಇವು ಬಹಳ ಹಿಡಿಸಿದವು. ಇಷ್ಟು ಒರಟಾಗಿ ಬರೆಯಬಲ್ಲವಳು ಹೊರಗಿನವಳಾಗಿರಲಾರಳು ಎಂದು ಒಬ್ಬರು ಹೊಗಳಿದರು.

ಜೋಶಿ ಕಾಕು ಕೂಡ ಕ್ಲಾಸಿಗೆ ಬಂದರು. ಅವರು ನಿವೃತ್ತ ಹೊಲಿಗೆ ಟೀಚರು. ಮೂವತ್ತು ವರ್ಷ ಕ್ರೋಶಾ ಹೆಣಿಕೆಯ ನಮೂನೆಗಳನ್ನು ಚೌಕಳಿ ಹಾಳೆಗಳ ಮೇಲೆ, ಒಂದು ಚೌಕಕ್ಕೆ ಒಂದು ಹೆಣಿಕೆಯಂತೆ ಬರೆದಿಟ್ಟಿದ್ದರು. ತೋರಣ, ತಟ್ಟೆ ಮುಚ್ಚುವ ರುಮಾಲು, ಕೂಸಿನ ಕುಲಾಯಿ, ಎಲ್ಲ ಅವರದೇ ಕಲ್ಪನೆ. ಸಂಜೆ ಅವರ ಮನೆಯಲ್ಲಿ ಏಳೆಂಟು ಹೆಂಗಸರು ಅದನ್ನು ನೋಡಿ ಕಲಿಯುತ್ತಿದ್ದರು. ಹಾಳೆಗಳಿಗೆ ಹುಳು ಬಿದ್ದಿತ್ತು. ಮೊಬೈಲಿನಲ್ಲಿ ಒಂದೊಂದರ ಫೋಟೋ ತೆಗೆಯಲು ನಾನೇ ಹೇಳಿಕೊಟ್ಟೆ. ಮೊಬೈಲಿನಲ್ಲಿ ತೆಗೆದದ್ದು ಕಂಪ್ಯೂಟರಿನಲ್ಲೂ ಕಾಣುವುದನ್ನು ತೋರಿಸಿ, ಇನ್ನು ಚಿಂತೆಯಿಲ್ಲ ಎಂದೆ. ಅವರು ಹುಳುಕು ಹಾಳೆಗಳನ್ನು ರದ್ದಿಗೆ ಹಾಕಿದರು.

ನನ್ನ ತಪ್ಪು ಅಲ್ಲೇ ಆಯಿತು. ಸಿಂಕ್ ಅಂದರೆ ಎರಡೂ ಕಡೆ ಒಂದೇ ಸ್ಥಿತಿ ಇರುವುದು. ಇಲ್ಲಿ ಬಂದದ್ದು ಅಲ್ಲಿಯೂ ಬರುತ್ತದೆ ಎಂಬ ಅರ್ಧ ಪಾಠ ಹೇಳಿದ್ದೆ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ ಎಂಬ ಉಳಿದರ್ಧ ಹೇಳಿರಲಿಲ್ಲ.

ಕಾಕು ತಂಗಿಯ ಮಗಳ ಮದುವೆಗೆ ದೌಂಡಕ್ಕೆ ಹೋದರು. ಮೊಬೈಲು ಜಾಗವಿಲ್ಲ ಎಂದಿತು. ನಮೂನೆಗಳು ಹೇಗೂ ಮನೆಯ ಕಂಪ್ಯೂಟರಿನಲ್ಲಿವೆಯಲ್ಲ ಎಂದು ಎಲ್ಲವನ್ನೂ ಅಳಿಸಿ ಮದುವೆಯ ಫೋಟೋ ತೆಗೆದರು. ವಾಪಸು ಬಂದು ನೋಡಿದರೆ ಕಂಪ್ಯೂಟರಿನಲ್ಲೂ ಇಲ್ಲ. ಬೇರೆಯವರಾಗಿದ್ದರೆ ನನ್ನ ಬಾಗಿಲು ಬಡಿಯುತ್ತಿದ್ದರು. ಕಾಕು ತಮ್ಮ ಬಾಗಿಲಿಗೆ ‘ಕ್ರೋಶಾ ವರ್ಗ ಬಂದ್. ಕಾರಣ ಕೇಳಬಾರದು’ ಎಂಬ ಪಾಟಿ ಹಾಕಿದರು. ನಾನು ದಿನಾ ಅದನ್ನು ಓದಿಕೊಂಡೇ ಹತ್ತಿಳಿದೆ. ಕೇಳಬಾರದು ಎಂದಿದ್ದರಿಂದ ಕೇಳಲಿಲ್ಲ. ಅಷ್ಟರಮಟ್ಟಿಗೆ ನಾನು ಪುಣೆಯವಳಾಗಿದ್ದೆ.

ಕಾರಣ ಹೇಳಿದವರು ಬೆಳಗಾವಿ ಕಡೆಯ ಸುಮಿತ್ರಾ, ಕಾಕುವಿನ ಬಳಿ ಕ್ರೋಶಾ ಕಲಿಯುತ್ತಿದ್ದವರು. ಒಂದು ಮಧ್ಯಾಹ್ನ ತರಕಾರಿ ಚೀಲ ಹಿಡಿದು ಮೆಟ್ಟಿಲಲ್ಲಿ ಸಿಕ್ಕಾಗ ಮೆಲ್ಲಗೆ ಹೇಳಿದರು. “ಫೋಟೋ ಎಲ್ಲಾ ಹೋಗ್ಯಾವ್ರಿ. ಕಾಕು ಭಾಳ ಅತ್ತಾರ. ನಿಮಗ ಹೇಳಬ್ಯಾಡ ಅಂದಿದ್ರು.”

ಅಳಿಸಿದ ಫೋಟೋಗಳು ಆ ಖಾತೆಯ ಕಸದ ಬುಟ್ಟಿಯಲ್ಲಿ ಮೂವತ್ತು ದಿನ ಇರುತ್ತವೆ, ಆಮೇಲೆ ದೇವರು ಬಂದರೂ ಸಿಗುವುದಿಲ್ಲ. ದೌಂಡದ ಮದುವೆ ಯಾವ ದಿನ ಎಂಬುದು ನನಗೆ ನೆನಪಿತ್ತು, ಕಾಕು ತಮ್ಮ ಮನೆಯ ಕೀಲಿ ನನ್ನ ಬಳಿಯೇ ಇಟ್ಟು ಹೋಗಿದ್ದರು. ಬೆರಳು ಮಡಚಿ ಎಣಿಸಿದೆ. ಮೂವತ್ತನೆಯ ದಿನ ಅಂದೇ. ಗಡಿಯಾರದಲ್ಲಿ ಎರಡು ಗಂಟೆ.

ಗಂಡನಿಗೆ ಫೋನು ಮಾಡಿದೆ. ಮುಂದಿನ ವಾರ ಮನೆಯ ಕರಾರು ಮುಗಿಯುವುದಿತ್ತು, ಮುಂದುವರಿಸುವುದು ಬಿಡುವುದು ಕಾಕುವಿನ ಕೈಯಲ್ಲಿತ್ತು. ಈ ಮನೆ ಸಿಗುವ ಮೊದಲು ಹನ್ನೊಂದು ಮನೆಗಳಲ್ಲಿ ಇಲ್ಲ ಅನ್ನಿಸಿಕೊಂಡಿದ್ದೆವು.

“ನಾಕ ಆಗೂತನ ತಡಿ,” ಗಂಡ ಅಂದರು. “ಈಗ ಬೆಲ್ ಒತ್ತಿದಿ ಅಂದ್ರ ಮನಿ ಬಿಡಸ್ತಾಳ ಆಕಿ.”

ತಡೆಯೋಣವೆಂದು ಮೆಟ್ಟಿಲ ಮೇಲೆ ಕುಳಿತೆ, ಮೊದಲ ದಿನ ಕುಳಿತ ಅದೇ ಮೆಟ್ಟಿಲು. ಕಾಕು ಅಳಿಸಿದ್ದು ಎಷ್ಟು ಗಂಟೆಗೆ ಎಂಬುದು ಗೊತ್ತಿರಲಿಲ್ಲ. ಮೂರಕ್ಕೆ ಅಳಿಸಿದ್ದರೆ ಮೂರಕ್ಕೆ ಹೋಗುತ್ತವೆ. ಐದು ನಿಮಿಷವೂ ತಡೆಯಲಾಗಲಿಲ್ಲ. ಎದ್ದು ಬೆಲ್ ಒತ್ತಿದೆ. ತೆರೆಯಲಿಲ್ಲ. ಮತ್ತೆ ಒತ್ತಿದೆ, ಬೆರಳು ತೆಗೆಯಲೇ ಇಲ್ಲ.

ಕಾಕು ಬಾಗಿಲು ತೆರೆದಾಗ ಮುಖ ಕೆಂಪಾಗಿತ್ತು. ಪಾಟಿಯ ಕಡೆ ಬೆರಳು ತೋರಿಸಿದರು. ನಾನು ಮರಾಠಿ, ಕನ್ನಡ ಕಲಸಿ ಮೊಬೈಲು ಕೊಡಿ ಎಂದೆ. ನನ್ನ ಮುಖ ನೋಡಿ ಏನನ್ನಿಸಿತೋ, ಕೊಟ್ಟರು. ಕಸದ ಬುಟ್ಟಿ ತೆರೆದೆ. ನಮೂನೆಗಳೆಲ್ಲ ಅಲ್ಲೇ ಇದ್ದವು, ಒಂದೊಂದರ ಮೇಲೂ ‘ಒಂದು ದಿನ ಉಳಿದಿದೆ’ ಎಂಬ ಚೀಟಿ ಹೊತ್ತು. ಎಲ್ಲವನ್ನೂ ಆರಿಸಿ ‘ಮರಳಿಸು’ ಒತ್ತಿದೆ. ಕಂಪ್ಯೂಟರಿನ ಪರದೆಯ ಮೇಲೆ ತೋರಣ, ರುಮಾಲು, ಕುಲಾಯಿ ಒಂದೊಂದಾಗಿ ಬಂದು ಕೂತವು. ಕಾಕು ಕುರ್ಚಿಯ ಬೆನ್ನು ಹಿಡಿದು ಕೊನೆಯದು ಬರುವವರೆಗೆ ನಿಂತೇ ಇದ್ದರು. ಆಮೇಲೆ ಕಣ್ಣೊರೆಸಿಕೊಂಡು “ಝೋಪ್ ಮೋಡಲೀ” ಅಂದರು. ನಿದ್ದೆ ಕೆಟ್ಟಿತು ಎಂದು ಅರ್ಥ. ಚಹಾ ಬೇಕೇ ಎಂದು ಕೇಳಲಿಲ್ಲ.

ಸಂಜೆ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿ, ತೆಗೆದು, ಅವರ ಕಪಾಟಿನಲ್ಲಿಟ್ಟೆ. ಗಚ್ಚಿಯ ಕೋಣೆಗೆ ಹೊಸ ಪಾಟಿ ಬಂತು. ‘ಸಿಂಕ್ ಎಂದರೆ ನಕಲಲ್ಲ. ಇಲ್ಲಿ ಅಳಿಸಿದರೆ ಅಲ್ಲಿಯೂ ಹೋಗುತ್ತದೆ. ಯಾವುದಕ್ಕೂ ಜೋಡಿಸದ ಮೂರನೆಯ ಪ್ರತಿ ಇಡಿ. ಅಳಿಸಿಬಿಟ್ಟರೆ ನಾಚದೆ ಅದೇ ದಿನ ಹೇಳಿ.’

ಮುಂದಿನ ವಾರ ಕಾಕು ಕರಾರು ಮುಂದುವರಿಸಿದರು, ನಾನು ತಂಗಿಯ ಮನೆಗೆಂದು ಹುಬ್ಬಳ್ಳಿಗೆ ಹೋದೆ. ಮಧ್ಯಾಹ್ನ ಎರಡಕ್ಕೆ ಪಕ್ಕದ ಮನೆಯವರು ಬಂದು ಜೋರಾಗಿ ಕೂಗಿದರು. ಮಲಗಿದ್ದ ನಾನು ಎದ್ದು ಕುಳಿತು, ಹೊತ್ತು ಗೊತ್ತಿಲ್ಲವೇ ಇವರಿಗೆ ಎಂದು ಸಿಡುಕಿದೆ. ತಂಗಿ ನನ್ನನ್ನೇ ನೋಡಿದಳು.

“ನೀ ಪೂರಾ ಪುಣೇದಾಕಿ ಆಗೀದಿ ಬಿಡಕ್ಕಾ.”

ನಾನು ಎದ್ದು ಚಹಾಕ್ಕೆ ಇಟ್ಟೆ.

ಪುಣೆಗೆ ಮರಳಿದ ದಿನ ಬಸ್ಸು ತಡವಾಗಿ, ಮನೆ ಮುಟ್ಟಿದಾಗ ಎರಡೂಕಾಲು. ಜೋಶಿ ಕಾಕುವಿನ ಬಾಗಿಲಿನ ಹಳೆಯ ಪಾಟಿಯ ಜಾಗದಲ್ಲಿ ಹೊಸದಿತ್ತು. ಮೊದಲ ಸಾಲು ಅದೇ, ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು. ಕೆಳಗೆ ಇನ್ನೊಂದು ಸಾಲು ಸೇರಿತ್ತು. ‘ಮೇಲಿನ ಮನೆಯ ಕಾನಡಿ ಬಾಯಿ ಒತ್ತಬಹುದು.’

ಕಾನಡಿ ಬಾಯಿ ಎಂದರೆ ಅವರ ಮಾತಿನಲ್ಲಿ ಕನ್ನಡದ ಹೆಂಗಸು. ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಯಾರಿಗೂ ಸಿಕ್ಕಿರಲಾರದು. ಬಹಳ ಖುಷಿಯಾಯಿತು. ನನ್ನ ಹೆಸರಿನ ಬದಲು ನಿಂತಿದ್ದ ಆ ಎರಡು ಶಬ್ದ ಇನ್ನೊಮ್ಮೆ ಓದಿದಾಗ ಸ್ವಲ್ಪ ನೋವೂ ಆಯಿತು. ಬೆಲ್ ಒತ್ತಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಮೆಟ್ಟಿಲು ಹತ್ತಿದೆ.