ಕಣ್ಣು ಮುಚ್ಚದ ಹುಡುಗಿ

ಕೊರೊನಾ ಮುಗಿದು ಶಾಲೆಗಳೆಲ್ಲ ಮೊದಲಿನಂತೆ ನಡೆಯತೊಡಗಿದ ವರ್ಷ. ಗಜೇಂದ್ರಗಡದ ಒಂದು ಪ್ರೌಢಶಾಲೆಯಲ್ಲಿ ನಾನು ಚಿತ್ರಕಲಾ ಶಿಕ್ಷಕನಾಗಿದ್ದೆ. ಡ್ರಾಯಿಂಗ್ ಮಾಸ್ತರ ಎಂದರೆ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಬೋರ್ಡು ಬರೆಯುವವ, ಯಾರಾದರೂ ರಜೆ ಹಾಕಿದರೆ ಅವರ ಕ್ಲಾಸು ಕಾಯುವವ ಎಂದೇ ಎಲ್ಲರ ಲೆಕ್ಕ. ಅದಕ್ಕೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ನನ್ನ ಪೀರಿಯಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಮೇಜಿನ ಮೇಲೆ ತಂಬಿಗೆಯನ್ನೋ ಜೋಳದ ತೆನೆಯನ್ನೋ ಇಡುತ್ತಿದ್ದೆ. ಮೊದಲರ್ಧ ಯಾರೂ ಪೆನ್ಸಿಲ್ ಮುಟ್ಟುವಂತಿಲ್ಲ, ಬರೀ ನೋಡಬೇಕು. ಬೆಳಕು ಎಲ್ಲಿ ಬಿದ್ದಿದೆ, ಅಂಚು ಎಲ್ಲಿ ತಿರುಗಿದೆ. ಆಮೇಲೆ ಕಂಡಷ್ಟನ್ನೇ ಬಿಡಿಸಬೇಕು. ಇದಕ್ಕೆ ವಸ್ತುಚಿತ್ರ ಎನ್ನುತ್ತಾರೆ. ನೋಡುತ್ತ ನೋಡುತ್ತ ಎಂಥ ಗದ್ದಲದ ಹುಡುಗರೂ ತಣ್ಣಗಾಗುತ್ತಿದ್ದರು.

ಒಂಬತ್ತನೆಯ ತರಗತಿಯಲ್ಲಿ ರೇಣುಕಾ ಎಂಬ ಹುಡುಗಿಯಿದ್ದಳು. ತಾಯಿ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ತಂದೆ ಮಗಳೊಂದಿಗೆ ನರೇಗಲ್ ಸಂತೆಗೆ ಹೊರಟಾಗ, ಕೂತಿದ್ದ ಟಂಟಂ ಆಟೋ ಪಲ್ಟಿಯಾಗಿ ಅವಳ ಕಣ್ಣೆದುರೇ ತೀರಿಕೊಂಡಿದ್ದರು. ಆಮೇಲೆ ಹುಡುಗಿಗೆ ನಿದ್ದೆಯಿಲ್ಲ, ಪಾಠ ತಲೆಗೆ ಹತ್ತುವುದಿಲ್ಲ. "ಸಾಲಿ ಬಿಡಸ್ತೀನ್ರಿ ಸರ. ಮಗ್ಗಕ್ಕರ ಕುಂದರ್ಲಿ" ಎಂದು ತಾಯಿ ನನ್ನ ಹತ್ತಿರ ಹೇಳಿಹೋಗಿದ್ದರು. ಚಿತ್ರ ಬಿಡಿಸಲು ಕೂತಾಗ ಮಾತ್ರ ರೇಣುಕಾ ಗಂಟೆ ಹೊಡೆದರೂ ಏಳುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಹೆಡ್‌ಮಾಸ್ತರರಿಗೆ ಧ್ಯಾನದ ಹುಚ್ಚು ಹಿಡಿಯಿತು. ಮಾಡಿಸಲಿ, ಒಳ್ಳೆಯದೇ. ಆದರೆ ಅದಕ್ಕಾಗಿ ಕಿತ್ತುಕೊಂಡದ್ದು ಯಾವ ಪೀರಿಯಡ್ಡು? ಗಣಿತದ್ದೇ? ಇಂಗ್ಲಿಷಿನದೇ? ನನ್ನದು! ಹೊರಗಿನಿಂದ ಬಂದ ತರಬೇತುದಾರರೊಬ್ಬರು ಮಕ್ಕಳನ್ನು ಶಾಲೆಯ ದೊಡ್ಡ ಹಾಲ್‌ನಲ್ಲಿ ಕೂಡಿಸಿ, ಕಣ್ಣು ಮುಚ್ಚಿ ಎಂದು ಮೈಕಿನಲ್ಲಿ ಹೇಳಿದರು. ರೇಣುಕಾ ಮುಚ್ಚಲಿಲ್ಲ. ಗದರಿದರು, ಆಗಲೂ ಮುಚ್ಚಲಿಲ್ಲ. ಶಿಸ್ತಿಲ್ಲದವಳು ಎಂದು ಎಲ್ಲರೆದುರು ಎಬ್ಬಿಸಿ ಹೊರಗೆ ಹಾಕಿದರು.

ವರಾಂಡದಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಏನಾಯಿತೆಂದು ಕೇಳಿದೆ.

"ಕಣ್ಣ ಮುಚ್ಚಿದ್ರ ಟಂಟಂ ಮತ್ತ ಪಲ್ಟಿ ಆಕೈತ್ರಿ ಸರ. ಅಪ್ಪ ಒದರಿದ್ದು ಕೇಳತೈತ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಮಗುವಿನ ಕಣ್ಣೊಳಗೆ ಏನಿದೆ ಎಂದು ವಿಚಾರಿಸದೆ ಕಣ್ಣು ಮುಚ್ಚಿಸುವುದು ಯಾವ ಸೀಮೆಯ ಧ್ಯಾನ? ನೆಟ್ಟಗೆ ಹೆಡ್‌ಮಾಸ್ತರರ ಕೋಣೆಗೆ ನುಗ್ಗಿದೆ.

"ಧ್ಯಾನದ ಹೊತ್ತಿಗೆ ರೇಣುಕಾ ಇನ್ನ ನನ್ನ ಕೋಣ್ಯಾಗ ಕುಂದರ್ತಾಳ್ರಿ. ಅಲ್ಲೇ ಧ್ಯಾನ ಮಾಡ್ತಾಳ" ಎಂದೆ.

"ಚಿತ್ರ ತೆಗಿಯೂದು ಹ್ಯಾಂಗ ಧ್ಯಾನ ಆಕೈತ್ರಿ ಮಾಸ್ತರ? ಕಣ್ಣ ಮುಚ್ಚಬೇಕಲ್ಲ!"

"ಇದು ಕಣ್ಣ ತೆರದು ಮಾಡೂದ್ರಿ" ಎಂದವನೇ ಒಪ್ಪಿಗೆಗೆ ಕಾಯದೆ ಹೊರಬಂದೆ.

ಮರುದಿನ ರೇಣುಕಾ ಮನೆಯಿಂದ ಒಂದು ಹಳೆಯ ಲಾಳಿ ತಂದಳು. ನೇಯುವಾಗ ಎಳೆಗಳ ನಡುವೆ ನೂಲು ಹೊತ್ತು ಅತ್ತಿತ್ತ ಓಡುವ ಮರದ ತುಂಡು ಅದು. ತಾಯಿಯ ಬೆರಳು ತಾಗಿ ತಾಗಿ ಸವೆದ ಜಾಗವನ್ನು ಎಷ್ಟೋ ಹೊತ್ತು ನೋಡುವಳು, ಒಂದು ಗೆರೆ ಎಳೆಯುವಳು, ಮತ್ತೆ ನೋಡುವಳು. ವಾರಗಟ್ಟಲೆ ಇದೇ ನಡೆಯಿತು. ಒಂದು ಮಧ್ಯಾಹ್ನ ಚಿತ್ರ ಮುಗಿಸಿ ಪೆನ್ಸಿಲ್ ಕೆಳಗಿಟ್ಟಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಮೇಜಿಗೆ ತಲೆಯಿಟ್ಟು ಮಲಗಿಬಿಟ್ಟಿದ್ದಳು.

ಅದೇ ಹೊತ್ತಿಗೆ ಹೆಡ್‌ಮಾಸ್ತರರು ಬಾಗಿಲಲ್ಲಿ ಬಂದು ನಿಂತರು. "ಏನ್ರೀ ಇದು? ಸಾಲ್ಯಾಗ ಮಲಗ್ಯಾಳಲ್ಲ!"

"ಸಾವಕಾಶ ಮಾತಾಡ್ರಿ ಸರ" ಎಂದೆ. "ಕಣ್ಣ ಮುಚ್ಯಾಳ. ನಿಮಗ ಅದ ಬೇಕಾಗಿತ್ತಲ್ಲ?"

ಅವರು ಬಾಗಿಲು ಮುಂದೆ ಮಾಡಿಕೊಂಡು ಹೋದರು. ಬರಬರುತ್ತ ಅವಳಿಗೆ ರಾತ್ರಿಯೂ ನಿದ್ದೆ ಹತ್ತತೊಡಗಿತು, ತಾಯಿ ಶಾಲೆ ಬಿಡಿಸಲಿಲ್ಲ. ನನ್ನ ಪೀರಿಯಡ್ಡು ಮಾತ್ರ ನಾನು ನಿವೃತ್ತನಾಗುವವರೆಗೂ ಮರಳಿ ಸಿಗಲಿಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ನೌಕರಿ ನನಗೆ ಕಲಿಸಿದ್ದು ಇಷ್ಟೇ: ಮಗುವಿನ ಮುಂದೆಯೂ ಮೊದಲು ಸುಮ್ಮನೆ ಕೂತು ನೋಡಬೇಕು. ಮೈಕು ಆಮೇಲೆ.